ಮಿಠಾಯಿ ತಟ್ಟೆಗೊಂದು ಬದು

ಪ್ರತಿಯೊಬ್ಬ ಮನುಷ್ಯನಿಗೂ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇದ್ದೇ ಇರುತ್ತದೆ. ಕೆಲವರಿಗೆ ಮೀಸೆಯ ಮೇಲೆ, ಕೆಲವರಿಗೆ ವಂಶದ ಮೇಲೆ, ಇನ್ನು ಕೆಲವರಿಗೆ ಮನೆಯ ಬಾವಿಯ ನೀರಿನ ಮೇಲೆ. ನನ್ನ ಮೀಸೆ ಎಡಕ್ಕಿಂತ ಬಲಕ್ಕೆ ತುಸು ತೆಳು. ವಂಶದಲ್ಲಿ ಹೆಸರು ಹೇಳಿಕೊಳ್ಳುವಂಥವರು ಯಾರೂ ಆಗಿಹೋಗಿಲ್ಲ. ಬಾವಿಯೋ, ನನ್ನದಲ್ಲ, ಕಾರ್ಖಾನೆಯ ಕ್ವಾರ್ಟರ್ಸಿನದು. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಒಂದೇ ಜಂಬ. ಏನನ್ನೇ ಕೊಡಿ, ಎಷ್ಟು ಜನಕ್ಕೆ ಬೇಕಾದರೂ ಹೇಳಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ಸಮನಾಗಿ ಭಾಗ ಮಾಡಿಕೊಡುತ್ತೇನೆ. ಈ ವಿದ್ಯೆಯಿಂದ ಯಾರಿಗಾದರೂ ನೋವಾದೀತು ಎಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆಯಿತು, ಅದೂ ನನ್ನ ಮನೆಯಲ್ಲೇ ಆಯಿತು. ಈಗ ವಯಸ್ಸಾಗಿದೆ, ಒಪ್ಪಿಕೊಂಡುಬಿಡುತ್ತೇನೆ.

ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ದೊಡ್ಡ ದೊಡ್ಡ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವ ಕಡೆ ದುಂಡನೆಯ ಕಬ್ಬಿಣದ ಬಿಲ್ಲೆ ಇರುತ್ತದೆ. ಅದರ ಸುತ್ತ ಬೋಲ್ಟು ತೂರಿಸಲು ಆರೋ ಎಂಟೋ ತೂತು. ಆ ತೂತುಗಳು ಎಲ್ಲೆಲ್ಲಿ ಬರಬೇಕೆಂದು ಕಾಗದದ ಮೇಲೆ ಗುರುತು ಹಾಕುವುದು ನನ್ನ ಕೆಲಸ. ಒಂದು ತೂತು ಎಳ್ಳುಕಾಳಿನಷ್ಟು ಪಕ್ಕಕ್ಕೆ ಸರಿದರೂ ಬೋಲ್ಟು ಒಳಗೆ ಹೋಗುವುದಿಲ್ಲ. ಒಮ್ಮೆ ಹಾಗಾದಾಗ ತಮಿಳು ಸೀಮೆಯ ಕಡೆಯಿಂದ ಬಂದ ಮೇಸ್ತ್ರಿ ಕೈಯಲ್ಲಿ ಬೋಲ್ಟು ಹಿಡಿದುಕೊಂಡು ನೇರ ನನ್ನ ಮೇಜಿಗೇ ಬಂದು, "ಸ್ವಾಮಿ, ಇದನ್ನ ನೀವೇ ತೂರಿಸಿ ತೋರ್ಸಿ" ಎಂದಿದ್ದ. ಒಂದೇ ಸಲ ಹಾಗೆ ಆದದ್ದು. ಅದಾದ ಮೇಲೆ ನನ್ನ ಕೈವಾರ ತಪ್ಪಲಿಲ್ಲ. ವೃತ್ತ ಬರೆದ ಕೈವಾರವನ್ನು ಅಗಲಿಸದೆ, ಕಿರಿದು ಮಾಡದೆ, ಅದೇ ಅಳತೆಯಲ್ಲಿ ವೃತ್ತದ ಮೇಲೆ ಹೆಜ್ಜೆ ಹಾಕಿಸುತ್ತ ಹೋದರೆ ಆರನೆಯ ಹೆಜ್ಜೆ ಸರಿಯಾಗಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಮೊದಲ ಸಲ ಇದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು ಎಂದರೆ ನೀವು ನಗಬಹುದು. ಇಷ್ಟು ಪ್ರಾಮಾಣಿಕವಾದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ ಅನ್ನಿಸಿತ್ತು.

ಇಂಥ ಅಭ್ಯಾಸ ಕಚೇರಿಯಲ್ಲೇ ಇದ್ದಿದ್ದರೆ ಚಿಂತೆ ಇರಲಿಲ್ಲ. ನನ್ನ ಜೊತೆಗೆ ಮನೆಗೂ ಬಂತು. ರೊಟ್ಟಿ ಮುರಿಯುವಾಗ ಮಧ್ಯಬಿಂದು ಹುಡುಕುತ್ತಿದ್ದೆ. ಹೊದಿಕೆ ಮಡಿಸಿದರೆ ನಾಲ್ಕು ಮೂಲೆಯೂ ಕೂಡಬೇಕು. ಮಕ್ಕಳ ಬೈತಲೆ ಓರೆಯಾಗಿದ್ದರೆ ನನಗೆ ಊಟ ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ ಪಾರ್ವತಿ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸಿಕೊಳ್ಳಲು ಅವಳಿಗೆ ಒಂದು ಕಾರಣವೂ ಇತ್ತು. ಕೊನೆಯ ನಕ್ಷೆಯನ್ನು ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ಬರೆಯುತ್ತಿದ್ದೆವು; ಕಚೇರಿಯಲ್ಲಿ ಕೆಟ್ಟುಹೋದ ಅಂಥ ಬಟ್ಟೆಯನ್ನು ದೊಡ್ಡ ಸಾಹೇಬರನ್ನು ಕೇಳಿ ನಾನು ಮನೆಗೆ ತರುತ್ತಿದ್ದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಮೇಲಿನ ಗಂಜಿ ಬಿಟ್ಟುಹೋಗಿ ಮಲ್ಲಿಗೆಯಂಥ ಬಟ್ಟೆ ಉಳಿಯುತ್ತಿತ್ತು. ನಮ್ಮ ಮೂರು ಹೆಣ್ಣುಮಕ್ಕಳೂ ಹುಟ್ಟಿದಾಗ ತೊಟ್ಟದ್ದು ಅದೇ ಬಟ್ಟೆಯ ಅಂಗಿ. ಹಿರಿಯವಳು ಗಿರಿಜೆಯ ಅಂಗಿಯೊಂದರ ಬೆನ್ನಿನ ಮೇಲೆ ಎಷ್ಟು ಒಗೆದರೂ ಹೋಗದ ಅರ್ಧ ವೃತ್ತವೊಂದು ಉಳಿದುಕೊಂಡಿತ್ತು. "ನಿಮ್ಮ ಮಗಳು ಅಂತ ಯಾರಿಗೂ ಹೇಳೋದೇ ಬೇಡ ನೋಡಿ, ಬೆನ್ನ ಮೇಲೇ ಬರ್ದಿದೆ" ಎಂದು ಪಾರ್ವತಿ ನಗುತ್ತಿದ್ದಳು.

ಪಾರ್ವತಿಯ ಕೈಯ ಕೊಬ್ಬರಿ ಮಿಠಾಯಿಯ ವಿಷಯಕ್ಕೆ ಬರುತ್ತೇನೆ. ಹಬ್ಬಕ್ಕೆ, ಮಕ್ಕಳ ಹುಟ್ಟಿದ ದಿನಕ್ಕೆ, ಒಮ್ಮೊಮ್ಮೆ ಏನೂ ಕಾರಣವಿಲ್ಲದೆಯೂ ಮಾಡುತ್ತಿದ್ದಳು. ಪಾಕ ಹದಕ್ಕೆ ಬಂದ ಕೂಡಲೇ ತುಪ್ಪ ಸವರಿದ ದುಂಡು ತಟ್ಟೆಗೆ ಸುರಿದು, ಬಿಸಿ ಆರುವ ಮೊದಲೇ ಚಾಕುವಿನಿಂದ ಅಡ್ಡ ಗೆರೆ, ಓರೆ ಗೆರೆ ಎಳೆದುಬಿಡುತ್ತಿದ್ದಳು. ಲೋಕದಲ್ಲಿ ಎಲ್ಲ ಹೆಂಗಸರೂ ಹಾಗೆಯೇ ಮಾಡುವುದು. ನಡುವೆ ಚೊಕ್ಕವಾದ ತುಂಡುಗಳು ಬರುತ್ತವೆ. ಆದರೆ ತಟ್ಟೆ ದುಂಡಗೆ, ಗೆರೆ ನೆಟ್ಟಗೆ; ಸುತ್ತಲೂ ಅಂಚಿನಲ್ಲಿ ಒಂದು ಬೆರಳಿನಷ್ಟು, ಒಂದು ಉಗುರಿನಷ್ಟು, ಮೂರು ಮೂಲೆಯದು, ಮೂಲೆಯೇ ಇಲ್ಲದ್ದು, ಹೀಗೆ ಚೂರುಪಾರು ಉಳಿಯುತ್ತದೆ. ಆ ಅಂಚನ್ನೆಲ್ಲ ಪಾರ್ವತಿ ಬಳಿದು ಒಂದು ಹಿತ್ತಾಳೆ ಡಬ್ಬಿಗೆ ಹಾಕಿ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಅದು ಅಡುಗೆ ಮಾಡಿದವಳ ಹಕ್ಕು, ಯಾರೂ ಇಲ್ಲದಾಗ ತಿನ್ನುತ್ತಾಳೆ ಎಂದು ನಾನು ತಿಳಿದಿದ್ದೆ. "ಏನೇ ಮಾರಾಯ್ತಿ, ಡಬ್ಬಿ ಖಾಲಿ ಆಯ್ತಾ?" ಎಂದು ಛೇಡಿಸುತ್ತಲೂ ಇದ್ದೆ. ಅವಳು ನಗುತ್ತಿದ್ದಳು.

ತಕರಾರು ಬರುತ್ತಿದ್ದದ್ದು ನಡುವಿನ ಚೊಕ್ಕ ತುಂಡುಗಳಿಂದ. ನಮ್ಮ ಮನೆಯಲ್ಲಿ ನಾವು ಆರು ಜನ: ನಾನು, ಪಾರ್ವತಿ, ನನ್ನ ತಾಯಿ, ಮೂವರು ಹೆಣ್ಣುಮಕ್ಕಳು. ಆ ತಟ್ಟೆಯಲ್ಲಿ ಯಾವಾಗಲೂ ಹತ್ತೊಂಬತ್ತು ತುಂಡು ಬರುತ್ತಿತ್ತು. ತಲೆಗೆ ಮೂರು ಮೂರರಂತೆ ಹದಿನೆಂಟು ಹೋಗಿ ಒಂದು ಉಳಿಯುತ್ತಿತ್ತು. ಆ ಒಂದು ತುಂಡಿಗಾಗಿ ನಮ್ಮ ಮನೆಯಲ್ಲಿ ನಡೆದ ಯುದ್ಧಗಳನ್ನು ಬರೆದರೆ ಒಂದು ಪುರಾಣವಾದೀತು. ಕಳೆದ ಸಲ ನಿನಗೆ, ಈ ಸಲ ನನಗೆ; ನಾನು ಕಾಯಿ ತುರಿದಿದ್ದೆ; ನನಗೆ ಮೊನ್ನೆ ಜ್ವರ ಬಂದಿತ್ತು. ಒಂದು ದೀಪಾವಳಿಗೆ ಕಿರಿಯವಳು ನಡುವಿನವಳ ಜಡೆ ಹಿಡಿದು ಎಳೆದು, ನಡುವಿನವಳು ಅವಳ ಕೈ ಕಚ್ಚಿ, ನನ್ನ ತಾಯಿ ಇಬ್ಬರನ್ನೂ ಬಿಡಿಸಲು ಹೋಗಿ ಕಾಲು ಉಳುಕಿಸಿಕೊಂಡರು. ಆ ಗದ್ದಲದಲ್ಲಿ ಹತ್ತೊಂಬತ್ತನೆಯ ತುಂಡನ್ನು ಬೆಕ್ಕು ತಿಂದಿತು. ಅಂದೇ ನಾನು, ಮುಂದಿನ ಸಲ ತಟ್ಟೆಯನ್ನು ನಾನೇ ಭಾಗ ಮಾಡುತ್ತೇನೆ, ಶೇಷ ಎಂಬುದೇ ಉಳಿಯಕೂಡದು ಎಂದು ಸಾರಿದೆ.

ಮುಂದಿನ ಸಲ ಎಂದರೆ ಯುಗಾದಿ. ನನ್ನ ಸ್ವಂತ ಕೈವಾರವನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಸಿದ್ಧನಾದೆ. ತಟ್ಟೆಯ ಅಳತೆಗೆ ಕಾಗದ ಕತ್ತರಿಸಿ, ಎರಡು ಸಲ ಮಡಿಸಿ ನಡುಬಿಂದು ಹಿಡಿದೆ. ಪಾರ್ವತಿ ಪಾಕ ಸುರಿದಳು. ಹಬೆಯಾಡುವ ಮಿಠಾಯಿಯ ನಡುವೆ ಕೈವಾರದ ಮೊನೆ ಊರಿದಾಗ ನನ್ನ ತಾಯಿ ಬಾಗಿಲಲ್ಲಿ ನಿಂತು, "ಏನೋ ಮಾರಾಯ, ಚಕ್ರ ಬರ್ದು ಮಾಟಗೀಟ ಮಾಡ್ತಿದೀಯೇನೋ!" ಎಂದರು. ಗಿರಿಜೆಗೆ ಆಗ ಎಂಟು ವರ್ಷ. ಅವಳು ನನ್ನ ಪಕ್ಕದಲ್ಲಿ ಕೂತು ಒಂದು, ಎರಡು, ಮೂರು ಎಂದು ಹೆಜ್ಜೆ ಎಣಿಸಿದಳು. ಆರನೆಯ ಹೆಜ್ಜೆ ಹೊರಟ ಜಾಗಕ್ಕೇ ಬಂದು ನಿಂತಾಗ "ಅಪ್ಪಾ!" ಎಂದು ಚಪ್ಪಾಳೆ ತಟ್ಟಿದಳು. ನನ್ನ ಜೀವಮಾನದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಒಂದೇ ಚಪ್ಪಾಳೆ ಅದು. ನಡುವಿನಿಂದ ಆರು ಗೆರೆ ಎಳೆದೆ. ಆರು ಜನಕ್ಕೆ ಆರು ಭಾಗ, ತಟ್ಟೆಯ ನಡುವಿನಿಂದ ತುದಿಯ ತನಕ. ತೂಕಕ್ಕೆ ಇಟ್ಟರೂ ವ್ಯತ್ಯಾಸ ಕಾಣದು. ಮಕ್ಕಳು ಜಗಳವಾಡಲು ಕಾರಣ ಹುಡುಕಿ ಹುಡುಕಿ ಸೋತರು.

ಪಾರ್ವತಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಂಚೇ ಉಳೀಲಿಲ್ವಲ್ಲ" ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು, "ಎಲ್ಲಿಂದ ಉಳಿಯುತ್ತೆ? ಉಳಿಯೋ ಹಾಗೆ ಮಾಡಿದ್ರೆ ತಾನೇ?" ಎಂದು ಎದೆಯುಬ್ಬಿಸಿದೆ. ಮಾರನೆಯ ದಿನ ಕಚೇರಿಯಲ್ಲಿ ಹೊಸ ನಕ್ಷೆಯ ನಟ್ಟನಡುವೆ ತುಪ್ಪದ ಕಲೆ ಬಿತ್ತು. ದೊಡ್ಡ ಸಾಹೇಬರು ಕಾಗದವನ್ನು ಮೂಗಿನ ಹತ್ತಿರ ಹಿಡಿದು, "ಏಲಕ್ಕಿ?" ಎಂದು ಕೇಳಿದರು. ಹೌದು ಎಂದೆ.

ಈಗ ನನ್ನ ಮಾವನವರನ್ನು ನಿಮಗೆ ಪರಿಚಯ ಮಾಡಿಸಬೇಕು. ಅವರು ಶಿವಮೊಗ್ಗದಲ್ಲಿ ಮಗ ಸೊಸೆಯ ಜೊತೆ ಇದ್ದರು. ಮೊದಲು ಸರ್ಕಾರದ ಮೋಜಿಣಿದಾರರಾಗಿ ಊರೂರು ತಿರುಗಿ ಸರಪಳಿ ಹಿಡಿಸಿ ಜಮೀನು ಅಳೆದವರು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಗದ್ದೆ ಹಿಸ್ಸೆ ಮಾಡಿ ಕಲ್ಲು ನೆಡಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಎಲ್ಲಿಗೆ ಹೋದರೂ ಹೆಜ್ಜೆಯಲ್ಲಿ ಅಳೆಯುವುದು ಬಿಡಲಿಲ್ಲ. ನಮ್ಮ ಕ್ವಾರ್ಟರ್ಸಿನ ಪಡಸಾಲೆ ಎಷ್ಟು ಹೆಜ್ಜೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಆಳು ಎತ್ತರ, ಮಾತು ಕಡಿಮೆ, ಸಿಹಿ ಎಂದರೆ ಪ್ರಾಣ. ಆದರೆ ಒಂದು ವ್ರತ. ಮಗಳನ್ನು ಕೊಟ್ಟ ಮನೆಯಲ್ಲಿ ಉಣ್ಣಬಾರದು. ನಮ್ಮ ಕಡೆ ಈ ಪದ್ಧತಿ ಹಳೆಯದು. ಒಂದು ಮೊಮ್ಮಗು ಹುಟ್ಟುವ ತನಕ ಪಾಲಿಸಿ ಆಮೇಲೆ ಬಿಟ್ಟುಬಿಡುವವರೇ ಹೆಚ್ಚು. ನಮ್ಮ ಮಾವನವರು ಮೂರು ಮೊಮ್ಮಕ್ಕಳಾದರೂ ಬಿಡಲಿಲ್ಲ. ಊಟ ಹಾಳಾಗಲಿ, ನೀರು ಸಹ ಮುಟ್ಟರು. ತಿಂಗಳಿಗೊಂದು ಸಲ ಮಗಳ ಮುಖ ನೋಡಲು ರೈಲಿನಲ್ಲಿ ಬರುವಾಗ ಕೈಯಲ್ಲಿ ಒಂದು ತಾಮ್ರದ ಚೊಂಬಿನ ತುಂಬ ನೀರು ತರುತ್ತಿದ್ದರು. ಕೇಳಿದರೆ, "ನಂಗೆ ತುಂಗೆ ನೀರೇ ಆಗ್ಬೇಕು. ಭದ್ರೆ ನೀರು ಒಗ್ಗಲ್ಲ" ಎನ್ನುತ್ತಿದ್ದರು. ನನಗೆ ಇದು ದೊಡ್ಡ ತಮಾಷೆ. ಒಂದು ನದಿಯ ನೀರನ್ನು ಇನ್ನೊಂದು ನದಿಯ ದಡಕ್ಕೆ ಹೊತ್ತು ತರುವ ಮಾವನ ಕತೆಯನ್ನು ಕಚೇರಿಯಲ್ಲಿ ಹೇಳಿ ಎಷ್ಟೋ ಸಲ ನಗಿಸಿದ್ದೇನೆ.

ಯುಗಾದಿ ಕಳೆದ ನಾಲ್ಕನೆಯ ದಿನಕ್ಕೆ ಮಾವನವರು ಬಂದರು. ಅಂದು ನನಗೆ ರಜ, ಪಡಸಾಲೆಯಲ್ಲೇ ಇದ್ದೆ. ಕುಶಲ ಕೇಳಿದರು, ಮಕ್ಕಳ ತಲೆ ಸವರಿದರು, ಚೊಂಬಿನಿಂದ ಎರಡು ಗುಟುಕು ನೀರು ಕುಡಿದು ಕೂತರು. ಪಾರ್ವತಿ ಒಳಗೆ ಹೋದಳು, ಹೊರಗೆ ಬಂದಳು. ಮತ್ತೆ ಒಳಗೆ ಹೋದಳು, ಮತ್ತೆ ಬರಿಗೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಮಾವನವರು ಒಂದು ಸಲ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಪಂಚೆಯ ಅಂಚನ್ನು ನೋಡಿಕೊಂಡರು. ಸಾಮಾನ್ಯವಾಗಿ ಸಂಜೆಯ ರೈಲಿಗೆ ಹೋಗುವವರು ಅಂದು ಮಧ್ಯಾಹ್ನವೇ ಎದ್ದು, "ಬರ್ತೀನಮ್ಮ, ಸ್ವಲ್ಪ ಕೆಲ್ಸ ಇದೆ" ಎಂದು ಹೊರಟುಬಿಟ್ಟರು. ನಿವೃತ್ತರಾದವರಿಗೆ ಅದೇನು ಕೆಲಸವೋ ಎಂದುಕೊಂಡೆನೇ ಹೊರತು ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಅಂದು ಸಂಜೆ ಸಾರಿಗೆ ಉಪ್ಪಿರಲಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೆ ಪಾರ್ವತಿ ಅತ್ತಿದ್ದಾಳೆ ಎಂದು ಅರ್ಥ. ಕೇಳಿದೆ. ಮೊದಲು ಏನಿಲ್ಲ ಎಂದಳು. ಎರಡನೆಯ ಸಲ ಕೇಳಿದಾಗ ಸೌಟು ಕೆಳಗಿಟ್ಟಳು.

"ನಿಮ್ಮ ಲೆಕ್ಕದಲ್ಲಿ ಎಲ್ರೂ ಬಂದ್ರು ಕಣ್ರೀ. ನಮ್ಮಪ್ಪ ಒಬ್ರು ಬರ್ಲಿಲ್ಲ."

ಆಗ ಹಿತ್ತಾಳೆ ಡಬ್ಬಿಯ ಕತೆ ಹೊರಗೆ ಬಂತು. ಮದುವೆಯಾದ ಹೊಸದರಲ್ಲಿ ಅವಳು ತಂದೆಯ ಮುಂದೆ ಎರಡು ತುಂಡು ಮಿಠಾಯಿ ಇಟ್ಟಿದ್ದಳಂತೆ. ಅವರು ತಟ್ಟೆಯನ್ನು ಮೆಲ್ಲಗೆ ಸರಿಸಿ, "ಕೊಟ್ಟ ಮನೆ ಪಾಲು ಮುಟ್ಬಾರ್ದಮ್ಮ" ಎಂದರಂತೆ. ಅವಳು ಒಳಗೆ ಹೋಗಿ ಅತ್ತು, ಮುಂದಿನ ಸಲ ಅವರು ಬಂದಾಗ ಒಂದು ಉಪಾಯ ಮಾಡಿದಳು. ಅಂಚಿನ ಚೂರುಗಳನ್ನು ಎಲೆಯ ಮೇಲೆ ಹಾಕಿ ತಂದು, "ಅಪ್ಪ, ಇದು ಪಾಲಲ್ಲ. ಯಾರ ಲೆಕ್ಕಕ್ಕೂ ಸೇರಿದ್ದಲ್ಲ. ಹಸುವಿಗೆ ಹಾಕ್ಬೇಕು ಅಂತಿದ್ದೆ" ಎಂದಳು. ಮಾವನವರು ಬಹಳ ಹೊತ್ತು ಯೋಚಿಸಿದರಂತೆ. ಕೊನೆಗೆ, "ಯಾರ ಲೆಕ್ಕಕ್ಕೂ ಸೇರಿಲ್ಲ ಅಂದ್ಮೇಲೆ ಅಡ್ಡಿ ಇಲ್ಲ. ತಿನ್ನೋ ಪದಾರ್ಥ ದಂಡ ಮಾಡ್ಬಾರ್ದು" ಎಂದು ಎಲೆ ಹತ್ತಿರಕ್ಕೆ ಎಳೆದುಕೊಂಡರು. ಅಂದಿನಿಂದ ಹತ್ತು ವರ್ಷ, ನಾನು ಕಚೇರಿಯಲ್ಲಿರುವಾಗಲೋ, ಹಿತ್ತಲಲ್ಲಿರುವಾಗಲೋ, ಅಪ್ಪ ಮಗಳ ನಡುವೆ ಇದು ನಡೆದುಕೊಂಡು ಬಂದಿದೆ. ಅವರು ತಾಮ್ರದ ಚೊಂಬು ಹಿಡಿದು ಅಷ್ಟು ದೂರ ಬರುತ್ತಿದ್ದದ್ದು ಮಗಳ ಮುಖ ನೋಡಲು. ಮಗಳ ಕೈಯ ಅಡುಗೆ ತಿನ್ನಲು ಅವರಿಗಿದ್ದ ದಾರಿ ಆ ಡಬ್ಬಿಯೊಂದೇ. ಅದನ್ನು ನಾನು ಕೈವಾರ ಹಿಡಿದು ಮುಚ್ಚಿದ್ದೆ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಗಂಡಸರು ಸುಮ್ಮನಿರುವುದು ಬಿಟ್ಟು ಸಲಹೆ ಕೊಡುತ್ತಾರೆ. "ನನ್ನ ಭಾಗ ಅವರಿಗೆ ಕೊಟ್ಟುಬಿಡು" ಎಂದೆ. "ಅದು ಪಾಲು. ಮುಟ್ಟಲ್ಲ" ಎಂದಳು. "ಹಾಗಾದ್ರೆ ಏಳು ಭಾಗ ಮಾಡ್ತೀನಿ" ಎಂದೆ. "ಏಳನೇದೂ ಪಾಲೇ ಅಲ್ವೇನ್ರೀ?" ಎಂದಳು. ಸಾಲದ್ದಕ್ಕೆ ವೃತ್ತವನ್ನು ಏಳು ಸಮಭಾಗ ಮಾಡುವುದು ಕೈವಾರಕ್ಕೆ ಬಗ್ಗದ ಕೆಲಸ. ಸುಮಾರಾಗಿ ಹೊಂದಿಸುವ ಉಪಾಯ ಇದೆ, ಆದರೆ ಕೊನೆಯ ಭಾಗದಲ್ಲಿ ತಪ್ಪೆಲ್ಲ ಬಂದು ಕೂಡಿಕೊಳ್ಳುತ್ತದೆ. ಇದನ್ನು ನಾನು ಅವಳಿಗೆ ವಿವರಿಸಲು ಹೊರಟೆ. ಅವಳು ನನ್ನನ್ನು ನೋಡಿದ ರೀತಿ ನೋಡಿ ನಿಲ್ಲಿಸಿದೆ. "ಹಾಗಾದ್ರೆ ಮೊದಲಿನ ಹಾಗೇ ನೀನೇ ಕತ್ತರಿಸು" ಎಂದೆ. ಅದಕ್ಕೆ ಮಕ್ಕಳು ಒಪ್ಪಲಿಲ್ಲ. ಆರು ಸಮಭಾಗದ ರುಚಿ ಕಂಡವರು ಮತ್ತೆ ಹತ್ತೊಂಬತ್ತರ ಯುದ್ಧಕ್ಕೆ ಹೋಗುತ್ತಾರೆಯೇ? ಬೇಕೆಂದೇ ಓರೆಕೋರೆ ಕತ್ತರಿಸಲು ನಾನೂ ಒಂದು ಸಲ ಪ್ರಯತ್ನಪಟ್ಟೆ. ನಂಬಿ, ನನ್ನ ಕೈಗೆ ಅದು ಬರಲಿಲ್ಲ.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಮಾವನವರ ಮನೆಗೆ ಶಿವಮೊಗ್ಗಕ್ಕೆ ಹೋದೆವು. ಅಳಿಯನಿಗೆ ಮಾತ್ರ ಈ ವ್ರತಗಿತ ಏನೂ ಇಲ್ಲ, ನೋಡಿ. ಅಳಿಯ ಎಷ್ಟು ತಿಂದರೂ ಕಡಿಮೆ. ಮಾವನವರು ಪಕ್ಕದಲ್ಲೇ ನಿಂತು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿ, ತಾವೇ ತುಪ್ಪ ಬಡಿಸಿದರು. ನಾನು ಎರಡನೆಯ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿಟ್ಟೆ. ಅವರು ನನ್ನ ಮನೆಯಲ್ಲಿ ಬರಿಗೈಯಲ್ಲಿ ಕೂತು ಹೋದದ್ದೇ ಕಣ್ಣ ಮುಂದೆ ಬರುತ್ತಿತ್ತು.

ಊಟವಾದ ಮೇಲೆ ಎಲೆಅಡಿಕೆಯ ತಟ್ಟೆ ನಡುವೆ ಇಟ್ಟುಕೊಂಡು ಕೂತೆವು. ಮೊಮ್ಮಗಳು ಗಿರಿಜೆ ತಾತನಿಗೆ ತನ್ನ ವಿದ್ಯೆ ತೋರಿಸಬೇಕೆಂದು ಪಾಟಿಯ ಮೇಲೆ ದಾರ ಕಟ್ಟಿದ ಬಳಪದಿಂದ ವೃತ್ತ ಬರೆದು, ಆರು ಹೆಜ್ಜೆ ಹಾಕಿ, ಆರು ಗೆರೆ ಎಳೆದು ಕೊಟ್ಟಳು. "ತಾತ, ಅಪ್ಪ ಮಿಠಾಯಿ ಹಿಂಗೇ ಪಾಲು ಮಾಡೋದು. ಯಾರಿಗೂ ಒಂಚೂರೂ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವನವರು ಕನ್ನಡಕ ಹಾಕಿಕೊಂಡು ಪಾಟಿಯನ್ನು ನೋಡಿದರು. ಹಿಂದೆ ಹಿಸ್ಸೆಯ ನಕ್ಷೆಗಳನ್ನು ಹಾಗೆಯೇ ನೋಡುತ್ತಿದ್ದಿರಬೇಕು.

"ಹಿಸ್ಸೆ ಬಹಳ ಚೆನ್ನಾಗಿ ಬಂದಿದೆ ಅಳಿಯಂದಿರೇ. ಬದು ಎಲ್ಲಿ?" ಎಂದರು.

ನನಗೆ ಅರ್ಥವಾಗಲಿಲ್ಲ. ಮಾವನವರು ಅಡಿಕೆ ಬಾಯಿಗೆ ಹಾಕಿಕೊಂಡು, ಅವರ ಮಟ್ಟಿಗೆ ಬಹಳ ಉದ್ದವಾದ ಒಂದು ಮಾತು ಆಡಿದರು.

"ಹೊಳೆಹೊನ್ನೂರು ಕಡೆ ಇಬ್ರು ಅಣ್ಣತಮ್ಮಂದಿರು. ಗದ್ದೆ ಎರಡು ಪಾಲು ಮಾಡಿ, ನಡುವೆ ಒಂದು ಬದು ಬಿಡ್ತೀನಿ ಅಂದೆ. ಇಬ್ರೂ ಕೇಳ್ಲಿಲ್ಲ. ಬದು ಅಗಲದಷ್ಟು ಭೂಮಿ ದಂಡ, ಅದನ್ನೂ ಪಾಲು ಮಾಡಿ ಅಂದ್ರು. ಮಾಡ್ದೆ. ಗೆರೆ ತನಕ ಇವ್ನು ಉತ್ತ, ಗೆರೆ ತನಕ ಅವ್ನು ಉತ್ತ. ಮಳೆಗಾಲ ಬಂತು. ಮೇಲಿನವನ ಗದ್ದೇಲಿ ನೀರು ನಿಲ್ಲಲಿಲ್ಲ, ಕೆಳಗಿನವನ ಪೈರು ಮುಳುಗಿಹೋಯ್ತು. ಓಡಾಡೋಕೆ ದಾರಿ ಇಲ್ಲ. ಜಗಳ ಆಡೋಕಾದ್ರೂ ನಿಂತ್ಕೊಳ್ಳೋಕೆ ಜಾಗ ಬೇಕಲ್ಲ, ಅದೂ ಇಲ್ಲ! ಮಾರನೇ ವರ್ಷ ಇಬ್ರೂ ಬಂದ್ರು. ನಾನೊಂದು ಮೊಳ ಬಿಡ್ತೀನಿ, ಅವ್ನೊಂದು ಮೊಳ ಬಿಡ್ಲಿ, ಬದು ಹಾಕಿಸ್ಕೊಡಿ ಅಂದ್ರು. ಬದು ಯಾರ ಪಾಲಿಗೂ ಸೇರಿದ್ದಲ್ಲ ಅಳಿಯಂದಿರೇ. ಅಲ್ಲಿ ಬೆಳೆದ ಹುಲ್ಲು ಯಾರ ಹಸು ಬಂದು ಮೇಯ್ದ್ರೂ ಕೇಳೋ ಹಾಗಿಲ್ಲ."

ಇಷ್ಟು ಹೇಳಿ ಪಾಟಿಯನ್ನು ಗಿರಿಜೆಗೆ ಕೊಟ್ಟು, ಎದ್ದು ಬಾಯಿ ತೊಳೆಯಲು ಹೋದರು. ನನಗೆ ವಿಷಯ ಗೊತ್ತಾಗಿದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಇಂದಿಗೂ ಹೇಳಲಾರೆ. ಬಾಗಿಲ ಹಿಂದೆ ನಿಂತಿದ್ದ ಪಾರ್ವತಿ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹದಿನೈದು ವರ್ಷ ಗೆರೆ ಎಳೆದಿದ್ದೆ. ಗೆರೆಗೆ ದಪ್ಪ ಇರಕೂಡದು ಎಂದು ಕಲಿತವನು ನಾನು. ಗೆರೆಗೆ ಒಂದು ಮೊಳ ಅಗಲವಿರಬೇಕು, ಅದರ ಮೇಲೆ ಹುಲ್ಲು ಬೆಳೆಯಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮುಂದಿನ ಮಿಠಾಯಿಗೆ ನಾನು ಎರಡು ವೃತ್ತ ಬರೆದೆ. ತಟ್ಟೆಯ ಅಂಚಿನಿಂದ ಒಂದು ಬೆರಳು ಒಳಗೆ ಬಿಟ್ಟು ಮೊದಲು ಒಂದು ವೃತ್ತ. ಅದರ ಒಳಗಷ್ಟೇ ಆರು ಭಾಗ. ಹೊರಗಿನ ಬಳೆಯಂಥ ಸುತ್ತು ಬದು. ಅದು ಯಾರ ಪಾಲಿಗೂ ಇಲ್ಲ ಎಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದೆ. ಗಿರಿಜೆ ತಕ್ಷಣ, "ಹಾಗಾದ್ರೆ ಅದು ತಾತಂಗೆ" ಎಂದಳು. ಮಕ್ಕಳಿಗೆ ಡಬ್ಬಿಯ ಸಂಗತಿ ಮೊದಲಿನಿಂದಲೂ ಗೊತ್ತಿತ್ತಂತೆ. ನನ್ನ ತಾಯಿಗೂ ಗೊತ್ತಿತ್ತಂತೆ. ಆ ಮನೆಯಲ್ಲಿ ಗೊತ್ತಿಲ್ಲದೆ ಇದ್ದವನು ಎಲ್ಲವನ್ನೂ ಅಳೆದು ನೋಡುವ ನಾನೊಬ್ಬನೇ.

ಮಾವನವರು ಬಂದಾಗ ಪಾರ್ವತಿ ಬದುವನ್ನು ಚೂರು ಮಾಡಿ ಎಲೆಯ ಮೇಲೆ ಹಾಕಿ ತಂದಳು. ನಾನು ಹಿತ್ತಲಿಗೆ ಹೋಗುವ ನೆಪ ಮಾಡಿ ಎದ್ದೆ. ಕಿಟಕಿಯಿಂದ ನೋಡಿದೆ. ಕಣ್ಣು ಅರ್ಧ ಮುಚ್ಚಿಕೊಂಡು, ಒಂದೊಂದೇ ಚೂರನ್ನು, ಸ್ವಲ್ಪವೂ ಅವಸರವಿಲ್ಲದೆ ತಿನ್ನುತ್ತಿದ್ದರು. ಮಗಳು ಎದುರಿಗೆ ಕೂತು ನೋಡುತ್ತಿದ್ದಳು. ಅಷ್ಟು ಸಂತೋಷ ಆ ಮನೆಯಲ್ಲಿ ಪೂರ್ತಿ ಭಾಗ ತಿಂದವರ ಮುಖದಲ್ಲೂ ನಾನು ಕಂಡಿರಲಿಲ್ಲ. ಅಲ್ಲಿಂದ ಮುಂದೆ ವರ್ಷ ವರ್ಷಕ್ಕೂ ನನ್ನ ಬದು ಅಗಲವಾಗುತ್ತ ಹೋಯಿತು. ಒಂದು ಬೆರಳು ಒಂದೂವರೆಯಾಯಿತು, ಎರಡಾಯಿತು. "ಇದೇನ್ರೀ, ಗದ್ದೆಗಿಂತ ಬದುನೇ ದೊಡ್ಡದಾಯ್ತು!" ಎಂದು ಪಾರ್ವತಿ ನಕ್ಕಳು. ಮಹಾಯುದ್ಧ ಬಂದು ಸಕ್ಕರೆ ರೇಷನ್ ಕಾರ್ಡಿನ ಮೇಲೆ ಸಿಗುವಂತಾದಾಗ ತಟ್ಟೆಯೇ ಚಿಕ್ಕದಾಯಿತು. ಬದು ಮಾತ್ರ ಹಾಗೆಯೇ ಇತ್ತು. ಆ ಮಳೆಗಾಲದಲ್ಲಿ ಮಾವನವರು ಹೋಗಿಬಿಟ್ಟರು. ಆಮೇಲೆ ಬಂದ ಮೊದಲ ಹಬ್ಬದಲ್ಲಿ ನಾನು ಅಭ್ಯಾಸಬಲದಿಂದ ಎರಡು ವೃತ್ತ ಬರೆದುಬಿಟ್ಟೆ. ಪಾರ್ವತಿ ಆ ಸುತ್ತನ್ನು ಬಿಡಿಸಿ ಎದುರು ಮನೆಯ ಹಸುವಿಗೆ ಹಾಕಿ ಬಂದಳು. ಅದಾದ ಮೇಲೆ ನಾನು ಮತ್ತೆ ಒಂದೇ ವೃತ್ತಕ್ಕೆ ಬಂದೆ, ಬದು ಬಿಡಲಿಲ್ಲ.

ಕಳೆದ ವರ್ಷ ಗಿರಿಜೆಯ ಮದುವೆಯಾಯಿತು. ಕೊಟ್ಟದ್ದು ಶಿವಮೊಗ್ಗಕ್ಕೆ. ತುಂಬಿದ ಮನೆ, ಅವಳೂ ಸೇರಿ ಎಂಟು ಜನ. ಅಳಿಯ ಒಳ್ಳೆಯ ಹುಡುಗ. ಮೊದಲ ಸಲ ಮಗಳನ್ನು ನೋಡಿಬರಲು ನಾನೊಬ್ಬನೇ ಹೊರಟಾಗ ಪಾರ್ವತಿ ಬಾಗಿಲ ತನಕ ಬಂದು, "ಅಲ್ಲಿ ಏನೂ ತಿನ್ಬೇಡಿ, ಆಯ್ತಾ?" ಎಂದಳು. ನಾನು ಗಟ್ಟಿಯಾಗಿ ನಕ್ಕೆ. ಯಾವ ಕಾಲದಲ್ಲಿದ್ದೀವಿ ನಾವು, ಯುದ್ಧವೇ ಮುಗಿದುಹೋಯಿತು, ಇದೆಲ್ಲ ಹಳೆಯ ಕಾಲದವರ ಹುಚ್ಚು ಎಂದೆ. ಅವಳು ಒಳಗೆ ಹೋಗಿ ತನ್ನ ತಂದೆಯ ತಾಮ್ರದ ಚೊಂಬನ್ನು ತಂದು ನನ್ನ ಕೈಗಿಟ್ಟಳು. ತುಂಬ ನೀರಿತ್ತು. ರೈಲಿನಲ್ಲಿ ಅದನ್ನು ಚೆಲ್ಲದಂತೆ ಹಿಡಿದುಕೊಂಡು ಕೂರುವುದು ಎಷ್ಟು ಕಷ್ಟ ಎಂಬುದು ನನಗೆ ಅಂದೇ ತಿಳಿದದ್ದು.

ಗಿರಿಜೆ ನನ್ನನ್ನು ಕಂಡು ಓಡಿಬಂದಳು. ಸ್ವಲ್ಪ ಸೊರಗಿದ್ದಳು, ಬೈತಲೆ ಮಾತ್ರ ನೆಟ್ಟಗಿತ್ತು. ಬೀಗರು ಕೂರಿಸಿ ಮಾತಾಡಿಸಿದರು. ಸ್ವಲ್ಪ ಹೊತ್ತಿಗೆ ಗಿರಿಜೆ ಒಳಗಿನಿಂದ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಕೊಬ್ಬರಿ ಮಿಠಾಯಿ. ಆ ಮನೆಯಲ್ಲಿ ಅವಳು ಮಾಡಿದ ಮೊದಲ ಮಿಠಾಯಿಯಂತೆ. ಎಷ್ಟು ದಿನ ಸಕ್ಕರೆ ಕೂಡಿಟ್ಟಳೋ.

"ನೋಡಿ ಅಪ್ಪ, ಎಂಟು ಭಾಗ! ನೀವು ಕಲ್ಸಿದ ಹಾಗೇ. ನಮ್ಮತ್ತೆ ಬೆರಗಾಗಿಹೋದ್ರು" ಎಂದಳು. ಅವಳ ಮುಖ ಹೊಳೆಯುತ್ತಿತ್ತು. "ತಾತ ಇಲ್ವಲ್ಲ, ಅದಕ್ಕೆ ಬದು ಬಿಡ್ಲಿಲ್ಲ. ನೀವು ನನ್ನ ಭಾಗ ತಗೊಳ್ಳಿ."

ನೋಡಿದೆ. ಎಂಟು ಭಾಗ, ನಡುವಿನಿಂದ ತುದಿಯ ತನಕ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನೇ ಕತ್ತರಿಸಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ತಿನ್ನಬೇಕೆಂಬ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೈ ಚಾಚಿದೆ. ಕೈ ತಟ್ಟೆಯ ತನಕ ಹೋಯಿತು. ಅಲ್ಲಿಗೆ ನಿಂತಿತು. ಇದು ನನ್ನ ಮಗಳ ಪಾಲು. ಈ ಮನೆಯಲ್ಲಿ ಅವಳಿಗೆಂದು ಇರುವುದು ಇಷ್ಟು. ಇದನ್ನು ನಾನು ಹೇಗೆ ತಿನ್ನಲಿ? ಮಾವನವರು ಪದ್ಧತಿಗಾಗಿ ಉಪವಾಸ ಕೂರುತ್ತಿದ್ದರು ಎಂದು ಅಷ್ಟು ವರ್ಷ ನಗುತ್ತಿದ್ದೆನಲ್ಲ, ಅವರ ಕೈಯನ್ನು ಯಾವುದು ಹಿಡಿದು ನಿಲ್ಲಿಸುತ್ತಿತ್ತು ಎಂದು ನನಗೆ ಆ ಹೊತ್ತಿನಲ್ಲಿ ಗೊತ್ತಾಯಿತು. "ಬೇಡಮ್ಮ, ಹೊಟ್ಟೆ ತುಂಬಿದೆ" ಎಂದು ಚೊಂಬಿನಿಂದ ಎರಡು ಗುಟುಕು ನೀರು ಕುಡಿದೆ. "ನಮ್ಮ ನೀರೂ ಬೇಡ್ವಾ ಅಪ್ಪ?" ಎಂದಳು. "ತುಂಗೆ ನೀರು ನಂಗೆ ಒಗ್ಗಲ್ಲಮ್ಮ" ಎಂದು ನನ್ನ ಬಾಯಿಂದಲೇ ಬಂತು.

ಗಿರಿಜೆ ತಟ್ಟೆಯ ಅಂಚನ್ನೇ ನೋಡುತ್ತ ನಿಂತಳು. ಅವಳ ಮುಖ, ಆ ಯುಗಾದಿ ಕಳೆದು ಮಾವನವರು ಬಂದಿದ್ದ ದಿನ ಬಾಗಿಲಿಗೆ ಒರಗಿ ನಿಂತಿದ್ದ ಅವಳ ತಾಯಿಯ ಮುಖವೇ ಆಯಿತು. ನನಗೆ ಸಂಕಟವಾಯಿತು. ತಟ್ಟನೆ ಒಂದು ಹೊಳೆಯಿತು.

"ಗಿರಿಜಾ, ಕತ್ತರಿಸಿದ ಚಾಕು ತೊಳೆದುಬಿಟ್ಟೆಯೇನಮ್ಮ?"

ಅವಳು ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತುಸು ಹೊತ್ತಾಯಿತು. ಬರುವಾಗ ಕೈಯಲ್ಲಿ ಒಂದು ಬಾಳೆಲೆಯ ಚೂರು, ಅದರ ಮೇಲೆ ಚಾಕು, ಚಾಕುವಿನ ಸುತ್ತ ಮಿಠಾಯಿಯ ಚೂರು. "ತೊಳೀಬೇಕು ಅಂತಿದ್ದೆ ಅಪ್ಪ. ಏನೋ ಒಂಚೂರು ಅಂಟ್ಕೊಂಡಿದೆ, ಯಾರ ಲೆಕ್ಕಕ್ಕೂ ಇಲ್ಲ" ಎಂದಳು.

ತಿನ್ನೋ ಪದಾರ್ಥ ದಂಡ ಮಾಡಬಾರದು ಎಂದು ಹೇಳಿ ನಾನು ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಇಪ್ಪತ್ತೈದು ವರ್ಷ ಅಳತೆಯಲ್ಲೇ ಬದುಕಿದ ಕಣ್ಣು ಇದು, ಇದಕ್ಕೆ ಮೋಸ ಮಾಡುವುದು ಕಷ್ಟ. ಆ ಚಾಕುವಿಗೆ ಅಂಟಿಕೊಂಡಿದ್ದ ಚೂರುಪಾರನ್ನು ಕೂಡಿಸಿದರೆ ಸರಿಯಾಗಿ ತಟ್ಟೆಯ ಎಂಟರಲ್ಲಿ ಒಂದು ಭಾಗವಾಗುತ್ತಿತ್ತು. ಪುಣ್ಯಕ್ಕೆ ಕೈವಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕಣ್ಣು ಅರ್ಧ ಮುಚ್ಚಿಕೊಂಡು, ಸ್ವಲ್ಪವೂ ಅವಸರವಿಲ್ಲದೆ, ಅಷ್ಟನ್ನೂ ತಿಂದೆ.